ಇನ್ನೆರಡು ರೊಟ್ಟಿ

ಬೆಳ್ಳಟ್ಟಿಯ ನಮ್ಮ ಮನೆಗೆ ಉಣ್ಣುವ ಹೊತ್ತಿನಲ್ಲಿ ಯಾರೇ ಬರಲಿ, ನಮ್ಮವ್ವನ ಬಾಯಿಂದ ಹೊರಡುತ್ತಿದ್ದ ಮಾತು ಒಂದೇ: “ಅದಕ್ಕೇನಾತು, ಇನ್ನೆರಡು ರೊಟ್ಟಿ ಬಡದರಾತು.” ಬಂದವರು ನೆಂಟರೋ ದಾರಿಹೋಕರೋ ಎಂದು ಆಕೆ ವಿಚಾರಿಸಿದ್ದನ್ನು ನಾನು ಕಾಣೆ. ತನ್ನ ಸಂಸಾರ ಎಲ್ಲಿಗೆ ಮುಗಿದು ಊರು ಎಲ್ಲಿಂದ ಮೊದಲಾಗುತ್ತದೆಂಬ ಲೆಕ್ಕ ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ.

ಹಳ್ಳಿಯ ಒಲೆಯ ಮುಂದೆ ಸವೆದ ಇಂಥ ಬಾಳುಗಳನ್ನು ಯಾರೂ ಬರೆದಿಡುವುದಿಲ್ಲ. ಅದೇ ಗುಣ ನಾಡಿನಗಲಕ್ಕೆ ಬೆಳೆದರೆ ಹೇಗಿರುತ್ತದೆಂಬುದನ್ನು ಅರಿಯಬೇಕಾದರೆ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರನ್ನು ನೆನೆಯಬೇಕು.

ಉಮಾಬಾಯಿಯವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ಹದಿಮೂರರ ಎಳೆಹರೆಯದಲ್ಲಿಯೇ ಸಂಜೀವರಾವ್ ಕುಂದಾಪುರರ ಕೈಹಿಡಿದು ಮುಂಬಯಿಯ ಸೊಸೆಯಾದರು. ಸೊಸೆಯ ಓದು ಅಡಿಗೆಮನೆಯಲ್ಲಿ ಕೊನೆಗೊಳ್ಳುತ್ತಿದ್ದ ಕಾಲವದು. ಆದರೆ ಮಾವ ಆನಂದರಾಯರು ಸುಧಾರಕರು. ಸೊಸೆಯನ್ನು ಮಗಳಂತೆ ಓದಿಸಿದರು. ಆಕೆ ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತಾವು ಕಲಿತುದನ್ನು ಇತರ ಹೆಂಗಸರಿಗೆ ಕಲಿಸತೊಡಗಿದರು.

1923ರಲ್ಲಿ ಪತಿ ತೀರಿಕೊಂಡರು. ಮಗನನ್ನು ಕಳೆದುಕೊಂಡ ತಂದೆ, ಗಂಡನನ್ನು ಕಳೆದುಕೊಂಡ ಸೊಸೆ—ಇಬ್ಬರೂ ಹುಬ್ಬಳ್ಳಿಗೆ ಬಂದರು. ಮಾವನವರು ಕರ್ನಾಟಕ ಮುದ್ರಣಾಲಯವನ್ನು ನಡೆಸಿದರು. ಸೊಸೆ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು. ಬಾಳು ಬರಿದಾಯಿತೆಂದು ಮೂಲೆಯಲ್ಲಿ ಕೂಡಬೇಕಾಗಿದ್ದ ಹೆಣ್ಣುಮಗಳ ಸುತ್ತ ಶಾಲೆಯ ಮಕ್ಕಳು ನೆರೆದರು. ಹೆಂಗಸರಿಗಾಗಿ ಆಕೆ ಕಟ್ಟಿದ ಸಂಸ್ಥೆ ಭಗಿನೀ ಮಂಡಲ. ಡಾ. ಹರ್ಡೀಕರರ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗಕ್ಕೂ ಆಕೆಯೇ ಮುಂದಾಳು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಅವರು 150ಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಿದ್ಧಗೊಳಿಸಿದರು. ಹೊಸ್ತಿಲು ದಾಟಲು ಅಂಜುತ್ತಿದ್ದವರನ್ನು ಮನೆಮನೆಗಳಿಂದ ಕರೆತರುವುದೆಂದರೆ ಅಂದು ಸಾಮಾನ್ಯದ ಕೆಲಸವೇ!

1932ರಲ್ಲಿ ಸೆರೆಮನೆ ಕರೆಯಿತು. ಯರವಡಾದಲ್ಲಿ ನಾಲ್ಕು ತಿಂಗಳು. ಆಕೆ ಒಳಗಿರುವಾಗಲೇ ಹೊರಗೆ ಮಾವನವರು ಕಣ್ಣುಮುಚ್ಚಿದರು. ತಂದೆಯಂತೆ ಸಾಕಿದವರ ಕೊನೆಯ ಗಳಿಗೆಯಲ್ಲಿ ಬಾಯಿಗೆ ನೀರು ಬಿಡುವ ಭಾಗ್ಯವೂ ಇಲ್ಲ. ಜೊತೆಯಲ್ಲಿ ಸೆರೆಯಲ್ಲಿದ್ದ ಸರೋಜಿನಿ ನಾಯಿಡು ಅವರು ಸಂತೈಸಿದರಂತೆ. ಬಿಡುಗಡೆಯಾಗಿ ಬಂದು ನೋಡಿದರೆ ಮುದ್ರಣಾಲಯ ಸರಕಾರದ ವಶವಾಗಿತ್ತು. ಶಾಲೆಗೆ ಮುದ್ರೆ ಬಿದ್ದಿತ್ತು. ಭಗಿನೀ ಮಂಡಲ ಕಾನೂನುಬಾಹಿರವಾಗಿತ್ತು.

ಉಳಿದುದು ಒಂದು ಚಿಕ್ಕ ಮನೆ. ಆ ಮನೆಯ ಬಾಗಿಲನ್ನೇ ಆಕೆ ತೆರೆದಿಟ್ಟರು. ಸೆರೆಯಿಂದ ಹೊರಬಿದ್ದು, ಊರಿಗೆ ಮರಳಲು ಕಾಸಿಲ್ಲದ ಹೆಂಗಸರಿಗೆ ಅದೇ ತವರಾಯಿತು. ಹೊರಗೆ ಪೋಲೀಸರ ಕಣ್ಗಾವಲು; ಒಳಗೆ ಊಟದ ಸಾಲು. ಬಂದವರನ್ನು ಬೇಡವೆಂದು ಕಳಿಸುವುದು ಆಕೆಗೆ ತಿಳಿಯದು.

1934ರ ಬಿಹಾರದ ಭೂಕಂಪದಲ್ಲಿ ಸ್ವಯಂಸೇವಕರೊಡನೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1946ರಲ್ಲಿ ಗಾಂಧೀಜಿಯವರು ಕಸ್ತೂರ್ಬಾ ಸ್ಮಾರಕ ನಿಧಿಯ ಕರ್ನಾಟಕ ಶಾಖೆಯನ್ನು ಅವರಿಗೊಪ್ಪಿಸಿದರು. ಗ್ರಾಮಸೇವಿಕೆಯರಿಗೆ ಆರೋಗ್ಯ, ಶಿಶುಪಾಲನೆ, ಶಿಕ್ಷಣಗಳಲ್ಲಿ ತರಬೇತಿ ಕೊಡಿಸಬೇಕು, ಹಣ ಸಾಲದು. ಆಕೆ ಮನೆಮನೆಗೆ ಹೋಗಿ ಕೈಯೊಡ್ಡಿದರು. ತನಗಾಗಿ ಯಾರಲ್ಲಿಯೂ ಬೇಡದ ಕೈ ಅದು!

ಸ್ವಾತಂತ್ರ್ಯ ಬಂದ ಬಳಿಕ ಅಧಿಕಾರ, ಪದವಿ, ಮಾಸಾಶನ ಯಾವುದನ್ನೂ ಅವರು ಒಲ್ಲೆನೆಂದರು. ಹುಬ್ಬಳ್ಳಿಯ ಅವರ ಪುಟ್ಟ ಮನೆಯ ಹೆಸರು ‘ಆನಂದಸ್ಮೃತಿ’. ಓದಿಸಿದ ಮಾವನ ನೆನಪು. 1992ರಲ್ಲಿ, ನೂರರ ಅಂಚಿನಲ್ಲಿ, ಅವರು ತೀರಿಕೊಂಡರು.

ಮಾಸಾಶನವನ್ನೇಕೆ ಬಿಟ್ಟರೆಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಉತ್ತರ ನಮ್ಮ ಬೆಳ್ಳಟ್ಟಿಯ ಅಡಿಗೆಮನೆಯಲ್ಲಿಯೇ ಇತ್ತು. ಬಡಿದ ರೊಟ್ಟಿಗೆ ನಮ್ಮವ್ವ ಯಾರಿಂದ ಏನು ಪಡೆದಾಳು? ಮನೆಯವರಿಗೆ ಮಾಡಿದ್ದನ್ನು ಯಾರೂ ಸೇವೆಯೆಂದು ಎಣಿಸುವುದಿಲ್ಲ. ಉಮಾಬಾಯಿಯವರಿಗೆ ನಾಡೆಲ್ಲ ಮನೆಯೇ ಆಗಿತ್ತು.