ಔಷಧವನ್ನು ಕಡಮೆ ಮಾಡುವ ಚಿಕಿತ್ಸೆ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೋದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಒಂದು ದಿನ ಪಾಠ ಮುಗಿದ ಮೇಲೆ ನಮ್ಮ ಬಳಿಗೆ ಬಂದನು. ಅವನ ಅಣ್ಣನಿಗೆ ತಾಯಿಯ ಮೂತ್ರಪಿಂಡವೊಂದನ್ನು ಕಸಿ ಮಾಡಿ ಏಳು ತಿಂಗಳಾಗಿತ್ತು. ಜ್ವರವಿಲ್ಲ, ನೋವಿಲ್ಲ, ಆದರೂ ರಕ್ತದಲ್ಲಿ ಕ್ರಿಯಾಟಿನಿನ್ ಏರುತ್ತಿತ್ತು. ವೈದ್ಯರು ಇದು ಬಿ.ಕೆ. ವೈರಸ್ಸಿನ ಕೆಲಸವೆಂದು ಹೇಳಿ ಮಾತ್ರೆಗಳನ್ನು ಇಳಿಸಿದ್ದರು. "ಬ್ಯಾನಿ ಬಂದಾಗ ಔಷಧ ಹೆಚ್ಚು ಮಾಡಬೇಕಲ್ರಿ ಸರ್, ಇವರು ಕಡಿಮಿ ಮಾಡ್ಯಾರಲ್ರಿ?" ಎಂಬುದು ಅವನ ಪ್ರಶ್ನೆ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಆಗ ಉತ್ತರ ಹೊಳೆಯಲಿಲ್ಲ. ವೈದ್ಯಮಿತ್ರರನ್ನು ಕೇಳಿ, ಪುಸ್ತಕಗಳನ್ನು ನೋಡಿ ತಿಳಿದುಕೊಂಡುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ದೇಹವು ತನ್ನದಲ್ಲದುದನ್ನು ಸಹಿಸುವುದಿಲ್ಲ. 1954ರ ಡಿಸೆಂಬರಿನಲ್ಲಿ ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆಯವರು ಮಾಡಿದ ಮೂತ್ರಪಿಂಡದ ಕಸಿ ಯಶಸ್ವಿಯಾದದ್ದು, ಕೊಟ್ಟವನೂ ಪಡೆದವನೂ ಏಕರೂಪದ ಅವಳಿಗಳಾಗಿದ್ದುದರಿಂದ. ತಾಯಿಯ ಅಂಗವಾದರೂ ಮಗನ ದೇಹಕ್ಕೆ ಅದು ಅರ್ಧ ಪರಕೀಯವೇ. ಆದುದರಿಂದ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಮೊದಲಾದ ಔಷಧಗಳಿಂದ ದೇಹದ ಕಾವಲುಪಡೆಯನ್ನು, ಮುಖ್ಯವಾಗಿ ಟಿ-ಕೋಶಗಳನ್ನು, ತಗ್ಗಿಸಿಡಬೇಕಾಗುತ್ತದೆ. ಕಾವಲುಗಾರನಿಗೆ ಮಂಪರು ಬರಿಸಿದರೆ ಅತಿಥಿ ಒಳಗೆ ಬಂದಾನು ನಿಜ. ಆದರೆ ಮನೆಯ ಮೂಲೆಯಲ್ಲಿ ಮೊದಲೇ ಅಡಗಿದ್ದ ಕಳ್ಳನೂ ಎದ್ದಾನು!

ಆ ಕಳ್ಳನೇ ಬಿ.ಕೆ. ವೈರಸ್. ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನಮ್ಮ ದೇಶದ ಮೊದಲ ಯಶಸ್ವೀ ಮೂತ್ರಪಿಂಡದ ಕಸಿ ನಡೆದ 1971ರಲ್ಲಿಯೇ, ಲಂಡನ್ನಿನ ಸಿಲ್ವಿಯಾ ಗಾರ್ಡ್ನರ್ ಮತ್ತು ಸಂಗಡಿಗರು ಈ ವೈರಸ್ಸಿನ ವರದಿಯನ್ನು ಪ್ರಕಟಿಸಿದರು. ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬನ ಮೂತ್ರದಲ್ಲಿ ಅದು ದೊರೆಯಿತು. ಅವನ ಹೆಸರಿನ ಮೊದಲಕ್ಷರಗಳೇ ಅದಕ್ಕೂ ಹೆಸರಾದವು. ಪಾಲಿಯೋಮ ಎಂಬ ಕುಲನಾಮಕ್ಕೆ ಗ್ರೀಕಿನಲ್ಲಿ 'ಹಲವು ಗಂತಿಗಳು' ಎಂದರ್ಥ. ಇಲಿಗಳಲ್ಲಿ ಬಗೆಬಗೆಯ ಗಂತಿಗಳನ್ನು ಎಬ್ಬಿಸಿದ ಅದರ ಬಂಧುವೊಂದರಿಂದ ಬಂದ ಹೆಸರು ಅದು. ವ್ಯಾಸ ಸುಮಾರು 45 ನ್ಯಾನೊಮೀಟರ್. ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನೊಳಗೆ 22 ಸಾವಿರ ಹಿಡಿದಾವು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವೇ 400 ನ್ಯಾನೊಮೀಟರಿಗೆ ಮೇಲ್ಪಟ್ಟುದರಿಂದ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಇದು ಸಿಕ್ಕದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಈ ವೈರಸ್ ಅಪರೂಪದ್ದೆಂದು ತಿಳಿಯಬಾರದು. ವಯಸ್ಕರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬಾಲ್ಯದಲ್ಲಿಯೇ ಅದರ ಸಂಪರ್ಕಕ್ಕೆ ಬಂದಿರುತ್ತಾರೆ. ಇದನ್ನು ಓದುತ್ತಿರುವ ನಿಮ್ಮ ಮೂತ್ರಪಿಂಡದಲ್ಲಿಯೂ ಅದು ಮಲಗಿರಬಹುದು, ಬರೆಯುತ್ತಿರುವ ನಮ್ಮದರಲ್ಲಿಯೂ. ಟಿ-ಕೋಶಗಳು ಎಚ್ಚರವಾಗಿರುವವರೆಗೆ ಚಿಂತೆಯಿಲ್ಲ. ಕಾವಲು ಸಡಿಲವಾದಾಗ ಅದು ಮೂತ್ರನಾಳಿಕೆಗಳ ಕೋಶಕೇಂದ್ರವನ್ನು ಹೊಕ್ಕು ಬೆಳೆಯುತ್ತದೆ. ಕೋಶವು ಉಬ್ಬಿ ಕಳಚಿ ಬೀಳುತ್ತದೆ. ಆ ಜಾಗದಲ್ಲಿ ಕಾಲಕ್ರಮದಲ್ಲಿ ಗಟ್ಟಿಯಾದ ಕಲೆ ಉಳಿಯುತ್ತದೆ. ಆ ಕಲೆ ಮತ್ತೆ ಮೂತ್ರಪಿಂಡವಾಗುವುದಿಲ್ಲ.

ರೋಗಿಗೆ ಏನೂ ಅನ್ನಿಸದಿರುವುದೇ ಇದರ ಅಪಾಯ. ಕ್ರಿಯಾಟಿನಿನ್ ಏರುವ ವೇಳೆಗೆ ಹಾನಿ ಆರಂಭವಾಗಿರುತ್ತದೆ. ಆದಕಾರಣ ಕಸಿಯಾದ ಮೊದಲ ಒಂಬತ್ತು ತಿಂಗಳು ಪ್ರತಿ ತಿಂಗಳೂ, ಆಮೇಲೆ ಎರಡು ವರ್ಷ ತುಂಬುವವರೆಗೆ ಮೂರು ತಿಂಗಳಿಗೊಮ್ಮೆಯೂ ರಕ್ತದಲ್ಲಿ ವೈರಸ್ಸನ್ನು ಹುಡುಕಬೇಕೆಂದು ತಜ್ಞರು ಹೇಳುತ್ತಾರೆ. ಪಿ.ಸಿ.ಆರ್. ಎಂಬ ಈ ಪರೀಕ್ಷೆಯಲ್ಲಿ ವೈರಸ್ಸಿನ ಡಿ.ಎನ್.ಎ. ಪ್ರತಿ ಸುತ್ತಿಗೂ ಇಮ್ಮಡಿಯಾಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳಲ್ಲಿ 107 ಕೋಟಿಯನ್ನು ಮೀರುತ್ತದೆ; ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿ ನೋಡಬಹುದು. ಎಷ್ಟನೆಯ ಸುತ್ತಿನಲ್ಲಿ ಅದು ಗೋಚರಿಸಿತೆಂಬುದರಿಂದ ಮೊದಲು ಎಷ್ಟಿತ್ತೆಂದು ತಿಳಿಯುತ್ತದೆ. ಒಂದು ಮಿಲಿಲೀಟರಿನಲ್ಲಿ ಹತ್ತು ಸಾವಿರ ಪ್ರತಿಗಳನ್ನು ದಾಟಿ ಹಾಗೆಯೇ ನಿಂತರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರುವ ಶಂಕೆ ಬಲವಾಗುತ್ತದೆ.

ಇನ್ನು ಹುಡುಗನ ಪ್ರಶ್ನೆ. ಕಸಿಯಾದ ಅಂಗವನ್ನು ದೇಹವು ತಿರಸ್ಕರಿಸಿದಾಗಲೂ ಕ್ರಿಯಾಟಿನಿನ್ ಏರುತ್ತದೆ. ಅಂಗದ ಚೂರನ್ನು ತೆಗೆದು ನೋಡಿದರೆ ಎರಡರಲ್ಲಿಯೂ ಬಿಳಿಯ ರಕ್ತಕೋಶಗಳ ಮುತ್ತಿಗೆ ಕಾಣುತ್ತದೆ. ಚಿಕಿತ್ಸೆ ಮಾತ್ರ ತದ್ವಿರುದ್ಧ: ತಿರಸ್ಕಾರವಾದರೆ ಔಷಧ ಹೆಚ್ಚಬೇಕು, ವೈರಸ್ಸಾದರೆ ಇಳಿಯಬೇಕು. ಹೆಸರು ತಪ್ಪಾದರೆ ಚಿಕಿತ್ಸೆಯೇ ಅಂಗವನ್ನು ಕೊಲ್ಲುತ್ತದೆ. ಆದ್ದರಿಂದಲೇ ಆ ಚೂರಿಗೆ ವೈರಸ್ಸಿನ ಪ್ರೋಟೀನನ್ನು ತೋರಿಸುವ ವಿಶೇಷ ಬಣ್ಣ ಹಾಕಿ ನೋಡುತ್ತಾರೆ. ಈ ವೈರಸ್ಸನ್ನೇ ಕೊಲ್ಲುವ ಖಚಿತವಾದ ಔಷಧ ಇನ್ನೂ ಇಲ್ಲ. ಮಲಗಿಸಿದ್ದ ಟಿ-ಕೋಶಗಳನ್ನು ತುಸು ಎಬ್ಬಿಸುವುದೊಂದೇ ಉಪಾಯ. ಪೂರ್ತಿ ಎಬ್ಬಿಸಿದರೆ ಅವು ತಾಯಿಯ ಮೂತ್ರಪಿಂಡದ ಮೇಲೆಯೇ ಬಿದ್ದಾವು. ಎಷ್ಟು ಇಳಿಸಬೇಕೆಂಬುದನ್ನು ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡಿ ವೈದ್ಯರೇ ತೂಗಬೇಕು. ಇದನ್ನು ಓದಿದ ಯಾರೂ ಮನೆಯಲ್ಲಿ ತಾವಾಗಿಯೇ ಮಾತ್ರೆ ಬಿಡಕೂಡದು.

ನಾಲ್ಕು ತಿಂಗಳ ಬಳಿಕ ಹುಡುಗನು ಪರೀಕ್ಷೆಯ ಚೀಟಿಗಳನ್ನು ತಂದು ತೋರಿಸಿದನು. ವೈರಸ್ಸಿನ ಸಂಖ್ಯೆ ಲಕ್ಷದಿಂದ ಸಾವಿರಗಳಿಗೆ ಇಳಿದಿತ್ತು. ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಮರಳದಿದ್ದರೂ ಏರುವುದು ನಿಂತಿತ್ತು. ಡಯಾಲಿಸಿಸ್ಸಿನ ದಿನಗಳಲ್ಲಿ ಪೊಟ್ಯಾಸಿಯಮ್ಮಿನ ಭಯದಿಂದ ಬಾಳೆಹಣ್ಣನ್ನು ಮುಟ್ಟಗೊಡದೆ ಇದ್ದ ತಾಯಿ, ಈಗ ಮನೆಯ ಕೆಂಪು ಬಾಳೆಯನ್ನು ಮಗನಿಗೆ ಕೊಡಬಹುದೇ ಎಂದು ಕೇಳಿಸಿದ್ದರು. ರಕ್ತದ ಪೊಟ್ಯಾಸಿಯಮ್ಮನ್ನು ನೋಡಿ ಹೇಳುವುದಾಗಿ ವೈದ್ಯರು ತಿಳಿಸಿದ್ದಾರಂತೆ.