ಸದ್ದಿಲ್ಲದೆ ತಣಿಯಲಿ ಸ್ಪಿಂಡಲ್: ಸಣ್ಣ ಸಿಎನ್‌ಸಿ ಘಟಕಗಳಿಗೆ ಕೆಲವು ಸಲಹೆಗಳು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂತಹ ಪಟ್ಟಣಗಳಲ್ಲಿ ಬಾಗಿಲ ಹಲಗೆಗಳ ಕೆತ್ತನೆ ಹಾಗೂ ನಾಮಫಲಕಗಳ ತಯಾರಿಕೆಯನ್ನು ಕೈಗೊಳ್ಳುವ ಸಣ್ಣ ಉದ್ಯಮಿಗೆ ಸಿಎನ್‌ಸಿ ರೂಟರ್ ಯಂತ್ರವು ದೊಡ್ಡ ಬಂಡವಾಳವೇ ಸರಿ. ಅದರ ಜೀವಾಳ ಸ್ಪಿಂಡಲ್ ಮೋಟಾರು. ಅದು ಅತಿಯಾಗಿ ಕಾದು ಬೇರಿಂಗ್ ಅಥವಾ ಸುರುಳಿ ಕೆಟ್ಟರೆ, ಒಪ್ಪಿಕೊಂಡ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದನ್ನು ತಣಿಸುವ ಫ್ಯಾನೇ ಅಬ್ಬರಿಸಿದರೆ ನೆರೆಹೊರೆಯವರ ತಕರಾರು ಬಾಗಿಲಿಗೆ ಬರುತ್ತದೆ. ಈ ಎರಡೂ ತೊಡಕುಗಳಿಗೆ ಒಂದೇ ಪರಿಹಾರವುಂಟು ಎಂಬುದನ್ನು ಸದಸ್ಯ ಬಂಧುಗಳ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಗಾಳಿಯ ಮಿತಿ

ಗಾಳಿಯಿಂದ ತಣಿಯುವ ಹಲವು ಸ್ಪಿಂಡಲ್‌ಗಳಲ್ಲಿ ಫ್ಯಾನು ಮೋಟಾರಿನ ದಂಡಕ್ಕೇ ಜೋಡಣೆಯಾಗಿರುತ್ತದೆ. ನಿಮಿಷಕ್ಕೆ 24,000 ಸುತ್ತುಗಳ ವೇಗದಲ್ಲಿ ಅದು ಕಿವಿಗಡಚಿಕ್ಕುವಂತೆ ಕೂಗುತ್ತದೆ. ವೇಗವನ್ನು 8,000ಕ್ಕೆ ಇಳಿಸಿದರೆ ಗಾಳಿಯೂ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ನಿಧಾನಗತಿಯ, ಭಾರವಾದ ಕೆಲಸದಲ್ಲಿಯೇ ತಂಪು ಸಾಲದಾಗುತ್ತದೆ.

ಎರಡನೆಯ ತೊಡಕು ಧೂಳು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆ ಪರಿಸರದಲ್ಲಿ ಸುಗ್ಗಿ ಬಂತೆಂದರೆ ಗಾಳಿಯಲ್ಲಿ ಘಾಟು ತುಂಬಿರುತ್ತದೆ. ಹತ್ತಿ ವಹಿವಾಟು ನಡೆಯುವೆಡೆ ಅರಳೆಯ ಎಳೆಗಳು ಹಾರಾಡುತ್ತವೆ. ಇವುಗಳೊಡನೆ ಘಟಕದ್ದೇ ಆದ ಮರದ ಹುಡಿ ಸೇರಿ ಫ್ಯಾನಿನ ಜಾಲರಿಯನ್ನೂ ಮೋಟಾರಿನ ಲೋಹದ ರೆಕ್ಕೆಗಳನ್ನೂ ಮುಚ್ಚಿಬಿಡುತ್ತದೆ. ಹೀಗೆ ಮುಚ್ಚಿದ ಮೋಟಾರು ಕಂಬಳಿ ಹೊದ್ದಂತೆ ಒಳಗೊಳಗೇ ಕಾಯುತ್ತದೆ.

ಕಾನೂನಿನ ಮಾತೂ ಇದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ; ವಾಣಿಜ್ಯ ಪ್ರದೇಶದಲ್ಲಿ ಅದು 65 ಮತ್ತು 55. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಮನೆಗಳ ನಡುವೆ ಇರುವ ಘಟಕಗಳು ಇದನ್ನು ಮರೆಯಲಾಗದು.

ನೀರಿನ ಲೆಕ್ಕ

ನೀರಿನಿಂದ ತಣಿಯುವ ಸ್ಪಿಂಡಲ್‌ನಲ್ಲಿ ಈ ಫ್ಯಾನೇ ಇರುವುದಿಲ್ಲ. ಮೋಟಾರಿನ ಕವಚದೊಳಗೆ ಹರಿಯುವ ನೀರು ಶಾಖವನ್ನು ಹೊತ್ತು ಹೊರಗಿನ ತೊಟ್ಟಿಗೆ ಒಯ್ಯುತ್ತದೆ. 2.2 ಕಿಲೋವ್ಯಾಟ್ ಸ್ಪಿಂಡಲ್ ಪೂರ್ಣ ಹೊರೆಯಲ್ಲಿ ಐದನೆಯ ಒಂದು ಭಾಗವನ್ನು ಶಾಖವಾಗಿ ಕಳೆಯುತ್ತದೆಂದು ಇಟ್ಟುಕೊಂಡರೆ, ಹೊರಹಾಕಬೇಕಾದದ್ದು 440 ವ್ಯಾಟ್. ನಿಮಿಷಕ್ಕೆ 2 ಲೀಟರ್ ನೀರು ಹರಿದರೆ, ಒಳಹೋದ ನೀರಿಗಿಂತ ಹೊರಬಂದ ನೀರು ಸುಮಾರು 3 ಡಿಗ್ರಿ ಮಾತ್ರ ಬಿಸಿಯಾಗಿರುತ್ತದೆ. ಆದ್ದರಿಂದ ದೊಡ್ಡ ಪಂಪಿನ ಅಗತ್ಯವಿಲ್ಲ.

ತೊಟ್ಟಿಯ ಗಾತ್ರವೇ ಮುಖ್ಯ. 20 ಲೀಟರ್ ನೀರು ಇದೇ ಶಾಖಕ್ಕೆ ಗಂಟೆಗೆ ಸುಮಾರು 19 ಡಿಗ್ರಿ ಏರುತ್ತದೆ. 100 ಲೀಟರ್ ಬ್ಯಾರಲ್ ಆದರೆ 4 ಡಿಗ್ರಿಗಿಂತ ಕಡಿಮೆ. ಕೆತ್ತನೆ ಕೆಲಸದಲ್ಲಿ ಹೊರೆ ಇದಕ್ಕಿಂತ ಕಡಿಮೆಯೇ ಇರುವುದರಿಂದ, ನೆರಳಿನಲ್ಲಿಟ್ಟ ಮುಚ್ಚಳದ ಬ್ಯಾರಲ್ ಒಂದು ಹಲವು ಗಂಟೆಗಳ ಕೆಲಸಕ್ಕೆ ಸಾಕಾಗುತ್ತದೆ. ದಿನವಿಡೀ ದುಡಿಸುವವರು ರೇಡಿಯೇಟರ್ ಸೇರಿಸಬಹುದು. ಅದಕ್ಕೆ ಸಣ್ಣ ಬಿರುಸಿನ ಫ್ಯಾನಿಗಿಂತ ದೊಡ್ಡ ನಿಧಾನದ ಫ್ಯಾನು ಲೇಸು: ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ರೇಡಿಯೇಟರನ್ನು ಹುಡಿ ಹಾರದ ಕಡೆ ಇರಿಸಬೇಕು.

ಪಾಲಿಸಬೇಕಾದ ಎಚ್ಚರಿಕೆಗಳು

ಪಂಪಿನ ಮೇಲೆ ಬರೆದ ಪ್ರಮಾಣವನ್ನು ನಂಬಿ ಕೂರಬಾರದು. ನೀರನ್ನು ಎತ್ತರಕ್ಕೆ ಏರಿಸಿದಷ್ಟೂ ಹರಿವು ಕುಗ್ಗುತ್ತದೆ. ಮರಳಿ ಬರುವ ಕೊಳವೆಗೆ ಒಂದು ಲೀಟರ್ ಬಾಟಲಿ ಹಿಡಿಯಿರಿ. ಅದು 30 ಸೆಕೆಂಡಿನೊಳಗೆ ತುಂಬಿದರೆ ಹರಿವು ಸಾಕಷ್ಟಿದೆ.

ಗಡಸು ಕೊಳವೆಬಾವಿ ನೀರು ಸ್ಪಿಂಡಲ್‌ನ ಕಿರಿದಾದ ನಾಳಗಳಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ದೊರೆಯುವ ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ತಡೆಯುವ ಕೂಲಂಟ್ ಬೆರೆಸಿ ಬಳಸುವುದು ಉತ್ತಮ. ಬೆಳಕು ಹಾಯದ ಕೊಳವೆ ಬಳಸಿದರೆ ಪಾಚಿ ಕಟ್ಟುವುದಿಲ್ಲ.

ಬೇಸಿಗೆಯಲ್ಲಿ ತೊಟ್ಟಿಗೆ ಮಂಜುಗಡ್ಡೆ ಹಾಕುವುದು ಸಲ್ಲದು. ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಮೋಟಾರಿನೊಳಗೂ ತೇವ ಕಟ್ಟಿ ಬೇರಿಂಗ್ ತುಕ್ಕು ಹಿಡಿಯುತ್ತದೆ, ಸುರುಳಿಯ ನಿರೋಧ ಕೆಡುತ್ತದೆ. ಮಳೆಗಾಲದ ತೇವಭರಿತ ಗಾಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ನೀರು ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿರುವುದೇ ಕ್ಷೇಮ.

ಎಲ್ಲಕ್ಕಿಂತ ಮಿಗಿಲಾದದ್ದು ರಕ್ಷಣೆ. ಪಂಪು ನಿಂತುಹೋದರೂ ಸ್ಪಿಂಡಲ್ ತಿರುಗುತ್ತಲೇ ಇರುತ್ತದೆ. ಸದ್ದಿಲ್ಲದ ವ್ಯವಸ್ಥೆಯಲ್ಲಿ ಕೆಲಸಗಾರನಿಗೆ ಅದು ಗೊತ್ತಾಗುವುದೇ ಇಲ್ಲ. ಆದಕಾರಣ ನೀರಿನ ಹರಿವು ನಿಂತೊಡನೆ ವಿಎಫ್‌ಡಿಯನ್ನು ನಿಲ್ಲಿಸುವ ಫ್ಲೋ ಸ್ವಿಚ್ ಅಳವಡಿಸಲೇಬೇಕು. ಸ್ಪಿಂಡಲ್‌ನ ಕವಚಕ್ಕೆ ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿ, ನೀರಿನಲ್ಲಿ ಮುಳುಗಿದ ಪಂಪಿನ ಸಂಪರ್ಕವನ್ನು ಆರ್‌ಸಿಸಿಬಿ ಮೂಲಕವೇ ಕೊಡತಕ್ಕದ್ದು.

ನೀರು ಫ್ಯಾನಿನ ಸದ್ದನ್ನಷ್ಟೇ ನಿಲ್ಲಿಸಬಲ್ಲದು, ಕಟರ್ ಮರವನ್ನು ಕೊರೆಯುವ ಸದ್ದನ್ನಲ್ಲ. ರಾತ್ರಿಯ ಕೆಲಸಕ್ಕೆ ಕಿಟಕಿ, ಬಾಗಿಲುಗಳ ಬಂದೋಬಸ್ತು ಬೇರೆಯೇ ಆಗಬೇಕು. ಆದರೂ ಒಂದು ಬ್ಯಾರಲ್, ಒಂದು ಸಣ್ಣ ಪಂಪು, ಒಂದು ಸ್ವಿಚ್ಚಿನ ವೆಚ್ಚವನ್ನು ಹೊಸ ಸ್ಪಿಂಡಲ್‌ನ ಬೆಲೆಯೊಡನೆ ಹಾಗೂ ಕೆಲಸ ನಿಂತ ದಿನಗಳ ನಷ್ಟದೊಡನೆ ತೂಗಿ ನೋಡಿದರೆ, ಲಾಭ ಯಾವ ಕಡೆಗಿದೆ ಎಂಬುದನ್ನು ನಮ್ಮ ವ್ಯಾಪಾರಿ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.