ಮಳೆಗಾಲದ ಗಿರಿಪಥ: ಕುಸಿತದ ಲಕ್ಷಣಗಳೂ ಸಂಚಾರದ ಎಚ್ಚರವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶಾಲೆಗಳಲ್ಲಿ ಮಕ್ಕಳನ್ನು ಕೊಡಚಾದ್ರಿಗೋ ಕುಂದಾದ್ರಿಗೋ ಕರೆದೊಯ್ಯುವ ಪದ್ಧತಿ ಬಹುಕಾಲದಿಂದ ಬಂದಿದೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯನ್ನು ನಡೆದೇ ಏರಿದ ಬಾಲಕನಿಗೆ ಭೂಗೋಳದ ಪಾಠ ಮರೆಯುವುದಿಲ್ಲ. ಆದರೆ ಬೆಟ್ಟವನ್ನು ಏರಬಯಸುವವರು ಬೆಟ್ಟದ ಸ್ವಭಾವವನ್ನೂ ಅರಿತಿರಬೇಕಾದುದು ಅವಶ್ಯ.

ಹಿಮಾಲಯದಲ್ಲಿ ಸಂಚಾರಿಗಳ ಪರಮಶತ್ರು ಹಿಮಕುಸಿತ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಮಂದಿ ಯೋಧರು ಹಿಮದಡಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದರು ಆರು ದಿನಗಳ ತರುವಾಯ ಜೀವಸಹಿತ ದೊರೆತರೂ ಫೆಬ್ರವರಿ 11ರಂದು ವೀರಮರಣವನ್ನಪ್ಪಿದರು. ನಾಡೆಲ್ಲ ಮರುಗಿದ ಆ ದುರಂತದಿಂದ ಹಿಮಕುಸಿತವೆಂಬುದು ಕನ್ನಡಿಗರಿಗೂ ಪರಿಚಿತವಾಯಿತು.

ಹಿಮವು ಪದರಪದರವಾಗಿ ಬೀಳುತ್ತದೆ. ಕೆಳಗಿನ ಒಂದು ಪದರ ದುರ್ಬಲವಾಗಿದ್ದು, ಅದರ ಮೇಲೆ ಹೊಸ ಹಿಮದ ಭಾರ ಹೆಚ್ಚಿದಾಗ, ಮೂವತ್ತರಿಂದ ನಲವತ್ತೈದು ಡಿಗ್ರಿ ಇಳಿಜಾರಿನಲ್ಲಿ ಆ ರಾಶಿ ಒಮ್ಮೆಗೇ ಜಾರುತ್ತದೆ. ಮಲೆನಾಡಿನ ಗುಡ್ಡ ಕುಸಿತಕ್ಕೂ ಕಾರಣ ಬಹುಮಟ್ಟಿಗೆ ಇದೇ. ಇಲ್ಲಿ ಹಿಮದ ಸ್ಥಾನದಲ್ಲಿ ಮಣ್ಣೂ ನೀರೂ ಇರುತ್ತವೆ. ಮೇಲಿನ ಜಂಬಿಟ್ಟಿಗೆ ಪದರವು ರಂಧ್ರಮಯವಾದುದರಿಂದ ಮಳೆಯ ನೀರು ಸುಲಭವಾಗಿ ಒಳಕ್ಕಿಳಿಯುತ್ತದೆ. ಅಡಿಯಲ್ಲಿರುವ ಶೇಡಿಮಣ್ಣು ನೆನೆದು ಮೆತ್ತಗಾಗಿ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಒಳಗೆ ಕೂಡಿದ ನೀರಿನ ಒತ್ತಡ ಮಣ್ಣಿನ ಕಣಗಳನ್ನು ಬೇರ್ಪಡಿಸುತ್ತದೆ. ರಸ್ತೆಗಾಗಿಯೋ ಮನೆಗಾಗಿಯೋ ಗುಡ್ಡದ ಬುಡವನ್ನು ಕಡಿದಿದ್ದರೆ ಆಧಾರವೂ ತಪ್ಪಿದಂತಾಯಿತು.

ಈಚಿನ ದುರಂತಗಳ ತಿಥಿಗಳನ್ನು ಮಳೆನಕ್ಷತ್ರಗಳೊಡನೆ ಹೋಲಿಸಿ ನೋಡಬಹುದು. ಅಂಕೋಲೆಯ ಬಳಿಯ ಶಿರೂರಿನ ಗುಡ್ಡ ಕುಸಿದದ್ದು 2024ರ ಜುಲೈ 16ರಂದು, ಪುನರ್ವಸುವಿನಲ್ಲಿ. ವಯನಾಡಿನ ದುರಂತ ಅದೇ ಜುಲೈ 30ರಂದು, ಪುಷ್ಯದಲ್ಲಿ. ತಲಕಾವೇರಿಯ ಕುಸಿತ 2020ರ ಆಗಸ್ಟ್ ಮೊದಲ ವಾರದಲ್ಲಿ, ಆಶ್ಲೇಷದಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ತೋಟಗದ್ದೆಗಳನ್ನು ಮುಚ್ಚಿದ್ದೂ 2019ರ ಆಗಸ್ಟ್‌ನಲ್ಲಿಯೇ. ಆರಿದ್ರೆಯಿಂದ ನೆನೆಯುತ್ತ ಬಂದ ನೆಲ ಈ ಮೂರು ಮಳೆಗಳ ವೇಳೆಗೆ ತುಂಬಿದ ಕೊಡದಂತಿರುತ್ತದೆ. ಆದುದರಿಂದ ಅಂದಿನ ಮಳೆಯೊಂದನ್ನೇ ನೋಡದೆ ಹಿಂದಿನ ಹತ್ತು ದಿನಗಳ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕುಸಿಯುವ ಗುಡ್ಡ ಅನೇಕ ವೇಳೆ ಮುನ್ಸೂಚನೆಯನ್ನು ಕೊಡುತ್ತದೆ. ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು ಮೂಡುವುದು, ಮರಗಳೂ ಬೇಲಿಗೂಟಗಳೂ ಒಂದೇ ಕಡೆಗೆ ವಾಲುವುದು, ಇಲ್ಲದ ಕಡೆ ಜಲ ಏಳುವುದು, ತಿಳಿಯಾಗಿದ್ದ ಹಳ್ಳ ಹಠಾತ್ತನೆ ರಾಡಿಯಾಗುವುದು, ಇವು ಮುಖ್ಯ ಲಕ್ಷಣಗಳು. ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ತಗ್ಗಿದರೆ ಸಂತೋಷಪಡಬಾರದು. ಮೇಲೆಲ್ಲೋ ಮಣ್ಣು ಬಿದ್ದು ನೀರನ್ನು ಕಟ್ಟಿರಬಹುದು, ಆ ಕಟ್ಟೆ ಒಡೆದರೆ ಕೆಳಗಿನವರಿಗೆ ಉಳಿವಿಲ್ಲ.

ಸಂಚಾರದ ನಿಯಮಗಳು ಕೆಲವೇ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ, ಎಂದರೆ ದಿನವೊಂದಕ್ಕೆ 204 ಮಿಲಿಮೀಟರಿಗೆ ಮೀರಿದ ಮಳೆಯ ಸೂಚನೆ ನೀಡಿದ ದಿನ ಬೆಟ್ಟಕ್ಕೆ ಹೊರಡಲಾಗದು. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಊರಿನಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು; ಸ್ಥಳವನ್ನು ಬಲ್ಲ ಊರಿನವರೊಬ್ಬರು ಜೊತೆಗಿರಬೇಕು. ಧರೆಯ ಕೆಳಗೆ ನಿಂತು ವಿಶ್ರಮಿಸಬಾರದು. ಶಂಕೆಯಿರುವ ಜಾಗವನ್ನು ದಾಟಲೇಬೇಕಾದರೆ ಗುಂಪಾಗಿ ಹೋಗದೆ ಒಬ್ಬೊಬ್ಬರಾಗಿ ದಾಟಬೇಕು. ತುಂಬಿ ಹರಿಯುವ ಹಳ್ಳದ ಕಾಲುಸಂಕದ ಮೇಲೆ ಕಾಲಿಡಲಾಗದು. ಗುಡುಗಿನಂಥ ಸದ್ದು ನೆಲದೊಳಗಿಂದ ಕೇಳಿದರೆ ಇಳಿಜಾರಿನ ಕೆಳಕ್ಕೆ ಓಡದೆ ಪಕ್ಕಕ್ಕೆ, ಎತ್ತರದ ದಿಣ್ಣೆಯ ಕಡೆಗೆ ಸರಿಯಬೇಕು. ಕುಸಿದ ಜಾಗವನ್ನು ನೋಡಲು ಕುತೂಹಲದಿಂದ ಧಾವಿಸಬಾರದು. ಒಮ್ಮೆ ಜಾರಿದ ಗುಡ್ಡ ಮತ್ತೊಮ್ಮೆ ಜಾರುವುದುಂಟು.

ಇವೆಲ್ಲಕ್ಕಿಂತ ಕಠಿನವಾದ ನಿಯಮವೊಂದಿದೆ: ಅರ್ಧದಾರಿಯಿಂದ ಹಿಂದಿರುಗುವುದು. ಖರ್ಚು ಮಾಡಿ ಬಂದೆವು, ಮಕ್ಕಳು ನಿರಾಶರಾಗುವರು, ಶಿಖರ ಇನ್ನೇನು ಸಮೀಪದಲ್ಲಿದೆ ಎಂಬ ಮಾತುಗಳು ಆ ಗಳಿಗೆಯಲ್ಲಿ ಬಲವಾಗಿ ಕೇಳಿಸುತ್ತವೆ. ಅವುಗಳಿಗೆ ಕಿವಿಗೊಡದೆ ‘ಇಂದು ಬೇಡ’ ಎನ್ನಬಲ್ಲ ಉಪಾಧ್ಯಾಯನೇ ನಿಜವಾದ ಮಾರ್ಗದರ್ಶಿ. ಮಳೆ ಹಿಂದೆಗೆದು ಮಾರ್ಗಶಿರ ಬಂದಾಗ ಕೊಡಚಾದ್ರಿ ಅಲ್ಲಿಯೇ ಇರುತ್ತದೆ. ಅದನ್ನು ಏರಲು ಮಕ್ಕಳೂ ಇರುವಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.